ಹಳೆಯ ಕಡತದ ‘ಇ-1’ ಇಂದಿನ ಎಷ್ಟು ಮೆಗಾಬಿಟ್?
ಅಂತರ್ಜಾಲ ಸಂಪರ್ಕದ ವೇಗವನ್ನು ಒಂದೇ ಅಳತೆಗೆ ತರುವ ಕ್ರಮ – ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಗೆ ಪೈಪು, ಸಿಮೆಂಟು, ಬೀದಿದೀಪಗಳ ದರಪಟ್ಟಿ ಬಂದಾಗ ಅಳತೆಯನ್ನು ಕೇಳದೆ ಯಾವ ಸದಸ್ಯರೂ ಒಪ್ಪಿಗೆ ನೀಡುವುದಿಲ್ಲ. ಪೈಪು ಎಷ್ಟು ಇಂಚಿನದು, ದೀಪ ಎಷ್ಟು ವ್ಯಾಟಿನದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅಂತರ್ಜಾಲ ಸಂಪರ್ಕದ ಕಡತ ಬಂದಾಗ ಮಾತ್ರ ಸಭೆ ಮೌನವಾಗುತ್ತದೆ. ಅದರಲ್ಲಿರುವ ಅಳತೆಯ ಹೆಸರುಗಳು ಪರಿಚಿತವಲ್ಲದಿರುವುದೇ ಇದಕ್ಕೆ ಕಾರಣ. ಈ ಮೌನಕ್ಕೆ ಪಂಚಾಯತಿಯ ನಿಧಿಯೂ ಜನರ ಸಮಯವೂ ಬೆಲೆ ತೆರುತ್ತವೆ. ನನ್ನ ಸೇವಾವಧಿಯಲ್ಲಿ ನಡೆದ ಒಂದು ಪ್ರಸಂಗವನ್ನು ಮೊದಲು ನಿವೇದಿಸಿಕೊಂಡು, ಬಳಿಕ ಲೆಕ್ಕಕ್ಕೆ ಬರುತ್ತೇನೆ.

1. ಒಂದು ವರ್ಷದ ತಪ್ಪು

ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯತಿಯ ಕಚೇರಿಗೆ ಹಲವು ವರ್ಷಗಳ ಹಿಂದೆ ಪಡೆದ ಒಂದು ಗುತ್ತಿಗೆ ಮಾರ್ಗವಿತ್ತು. ರೂಢಿಯಲ್ಲಿ ಅದನ್ನು ಲೀಸ್ಡ್ ಲೈನ್ ಎನ್ನುತ್ತೇವೆ. ನವೀಕರಣದ ಸಮಯದಲ್ಲಿ ಸಭೆಯ ಮುಂದೆ ಮೂರು ಕಾಗದಗಳನ್ನು ಇಡಲಾಯಿತು. ಹಳೆಯ ಮಾರ್ಗದ ಒಪ್ಪಂದದಲ್ಲಿ ‘ಒಂದು ಇ-1, 30 ಚಾನೆಲ್’ ಎಂದಿತ್ತು. ಎರಡನೆಯ ದರಪಟ್ಟಿಯಲ್ಲಿ 10 ಎಂಬಿಪಿಎಸ್, ಮೂರನೆಯದರಲ್ಲಿ 2 ಎಂಬಿಪಿಎಸ್ ಎಂದಿತ್ತು. ಕಚೇರಿಯ ತುಲನಾತ್ಮಕ ಪಟ್ಟಿಯಲ್ಲಿ ಇವು 30, 10 ಮತ್ತು 2 ಎಂದು ಒಂದರ ಕೆಳಗೊಂದು ದಾಖಲಾದವು. ಮೂವತ್ತನ್ನು ಬಿಟ್ಟು ಹತ್ತಕ್ಕೆ ಇಳಿಯುವುದೇಕೆ ಎಂದು ಸಭೆ ಹಳೆಯ ಮಾರ್ಗವನ್ನೇ ನವೀಕರಿಸಿತು. ಇಂಜಿನಿಯರಿಂಗ್ ಪದವೀಧರನಾದ ನಾನೂ ಆ ಪಟ್ಟಿಯನ್ನು ಸರಿಯಾಗಿ ಓದದೆ ಸಹಿ ಮಾಡಿದೆ.

ಆ ವರ್ಷ ಪೂರ್ತಿ, ತಾಲ್ಲೂಕಿನಿಂದ ವಿಡಿಯೊ ಸಂವಾದ ನಡೆದಾಗಲೆಲ್ಲ ಬಾಪೂಜಿ ಸೇವಾ ಕೇಂದ್ರದ ಗಣಕಯಂತ್ರ ಸ್ತಬ್ಧವಾಗುತ್ತಿತ್ತು. ಪಹಣಿಗಾಗಿ ಬಂದವರಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತಿತ್ತು. ಒಂದು ದಿನದ ಕೂಲಿ ಬಿಟ್ಟು ಬಂದವರು ಎರಡನೆಯ ದಿನವೂ ಕೂಲಿ ಕಳೆದುಕೊಂಡರು. ಕೊನೆಗೆ ಒಂದು ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಎದ್ದು ಕೇಳಿದರು: “ಸಾರ್, ಮೂವತ್ತು ಅಂದ್ರೆ ಮೂವತ್ತು ಏನು? ಲೀಟರೋ, ಕೊಡವೋ?” ಸರಿಯಾದ ಪ್ರಶ್ನೆ ಅದೇ ಆಗಿತ್ತು. ಅಂದು ಸಂಜೆ ಕುಳಿತು ಗುಣಿಸಿದಾಗ ಮೂರೂ ಅಂಕಿಗಳ ನಿಜವಾದ ಮೌಲ್ಯ ಹೊರಬಿತ್ತು: ಮೊದಲನೆಯದು ಸುಮಾರು 2, ಎರಡನೆಯದು 10, ಮೂರನೆಯದು 16. ಅತಿ ದೊಡ್ಡದಾಗಿ ಕಂಡದ್ದೇ ಅತಿ ಚಿಕ್ಕದಾಗಿತ್ತು; ಅತಿ ಚಿಕ್ಕದಾಗಿ ಕಂಡದ್ದೇ ಅತಿ ದೊಡ್ಡದಾಗಿತ್ತು. ಇದು ಹೇಗೆ ಎಂಬುದೇ ಈ ಲೇಖನದ ವಿಷಯ.

2. ಬಿಟ್ ಮತ್ತು ಬೈಟ್: ಕನ್ನಡದಲ್ಲಿ ಬರೆಯುವಾಗಿನ ಎಚ್ಚರ

ಗಣಕಯಂತ್ರದ ಮಾಹಿತಿಯ ಅತಿ ಚಿಕ್ಕ ಅಂಶ ಬಿಟ್. ಅದು 0 ಅಥವಾ 1. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ಕಡತಗಳ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುವುದು ವಾಡಿಕೆ. ಮಾರ್ಗದ ವೇಗವನ್ನು ಪ್ರತಿ ಸೆಕೆಂಡಿಗೆ ಇಷ್ಟು ಬಿಟ್ ಎಂದು ಹೇಳುವುದು ವಾಡಿಕೆ. ನೀರಿನ ಲೆಕ್ಕದಲ್ಲಿ ಹೇಳುವುದಾದರೆ, ಮೇಲ್ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬುದು ಗಾತ್ರ. ನಲ್ಲಿಯಲ್ಲಿ ಪ್ರತಿ ಸೆಕೆಂಡಿಗೆ ಎಷ್ಟು ನೀರು ಬರುತ್ತದೆ ಎಂಬುದು ವೇಗ. ‘ನಮಗೆ ತಿಂಗಳಿಗೆ 100 ಜಿಬಿ ಇದೆ’ ಎಂಬ ಮಾತು ತೊಟ್ಟಿಯದು. ‘10 ಎಂಬಿಪಿಎಸ್ ಇದೆ’ ಎಂಬ ಮಾತು ನಲ್ಲಿಯದು. ಒಂದನ್ನು ಇನ್ನೊಂದರ ಜೊತೆ ಹೋಲಿಸಲಾಗದು.

ಇಂಗ್ಲಿಷ್ ಬರವಣಿಗೆಯಲ್ಲಿ ಬಿಟ್‌ಗೆ ಸಣ್ಣ ‘ಬಿ’ ಅಕ್ಷರವನ್ನೂ ಬೈಟ್‌ಗೆ ದೊಡ್ಡ ‘ಬಿ’ ಅಕ್ಷರವನ್ನೂ ಬಳಸುತ್ತಾರೆ. ಕನ್ನಡ ಲಿಪಿಯಲ್ಲಿ ಸಣ್ಣ ಅಕ್ಷರ, ದೊಡ್ಡ ಅಕ್ಷರ ಎಂಬ ಭೇದವಿಲ್ಲ. ಆದ್ದರಿಂದ ಎರಡೂ ನಮ್ಮ ನಡಾವಳಿ ಪುಸ್ತಕದಲ್ಲಿ ‘ಎಂಬಿಪಿಎಸ್’ ಎಂದೇ ದಾಖಲಾಗುತ್ತವೆ, ಎಂಟು ಪಟ್ಟು ವ್ಯತ್ಯಾಸ ಅಲ್ಲಿಯೇ ಕಾಣೆಯಾಗುತ್ತದೆ. ನಮ್ಮ ಮೂರನೆಯ ದರಪಟ್ಟಿಯಲ್ಲಿ ಆದದ್ದು ಇದೇ. ಮೂಲದಲ್ಲಿ ಇದ್ದದ್ದು ಪ್ರತಿ ಸೆಕೆಂಡಿಗೆ 2 ಮೆಗಾಬೈಟ್, ಅಂದರೆ 2 × 8 = 16 ಮೆಗಾಬಿಟ್.

ಈ ಕಾರಣಕ್ಕೆ ಒಂದು ಸರಳ ನಿಯಮವನ್ನು ಪಾಲಿಸುವುದು ಒಳಿತು: ನಡಾವಳಿಯಲ್ಲಿ ‘ಎಂಬಿ’ ಎಂಬ ಸಂಕ್ಷೇಪವನ್ನು ಬಳಸದೆ ‘ಮೆಗಾಬಿಟ್’ ಅಥವಾ ‘ಮೆಗಾಬೈಟ್’ ಎಂದು ಪೂರ್ಣವಾಗಿ ಬರೆಯತಕ್ಕದ್ದು. ಈ ಲೇಖನದಲ್ಲಿ ಇನ್ನು ಮುಂದೆ ವೇಗವನ್ನು ಹೇಳುವಾಗ ‘ಮೆಗಾಬಿಟ್’ ಎಂದರೆ ಪ್ರತಿ ಸೆಕೆಂಡಿಗೆ ಅಷ್ಟು ಮೆಗಾಬಿಟ್ ಎಂದು ತಿಳಿಯುವುದು.

3. ಎಲ್ಲ ಹಳೆಯ ಅಳತೆಗಳ ಮೂಲ: 64

ಜಮೀನಿನ ಲೆಕ್ಕದಲ್ಲಿ 40 ಗುಂಟೆಗೆ ಒಂದು ಎಕರೆ ಎಂಬುದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೂರಸಂಪರ್ಕದಲ್ಲಿಯೂ ಅಂಥದೇ ಒಂದು ‘ಗುಂಟೆ’ ಇದೆ. ಅದು 64 ಕಿಲೋಬಿಟ್.

ಈ ಅಂಕಿ ದೂರವಾಣಿಯ ಧ್ವನಿಯಿಂದ ಬಂದಿದೆ. ಮನುಷ್ಯನ ಮಾತು ಸ್ಪಷ್ಟವಾಗಿ ಅರ್ಥವಾಗಲು ಸೆಕೆಂಡಿಗೆ 4,000 ಕಂಪನಗಳವರೆಗಿನ ಧ್ವನಿಯನ್ನು ಸಾಗಿಸಿದರೆ ಸಾಕೆಂದು ದೂರವಾಣಿ ವ್ಯವಸ್ಥೆ ನಿಗದಿಪಡಿಸಿಕೊಂಡಿತು. ಅಂಥ ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸಲು ಅದರ ಎರಡರಷ್ಟು, ಎಂದರೆ ಸೆಕೆಂಡಿಗೆ 8,000 ಬಾರಿ ಧ್ವನಿಯ ಮಟ್ಟವನ್ನು ಅಳೆಯಬೇಕು. ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ 8,000 × 8 = 64,000 ಬಿಟ್. ಒಂದು ದೂರವಾಣಿ ಕರೆಗೆ ಬೇಕಾದ ಈ ಜಾಗವನ್ನೇ ‘ಚಾನೆಲ್’ ಎಂದು ಕರೆದರು. ಹಳೆಯ ಕಡತಗಳಲ್ಲಿ ‘64 ಕೆ’, ‘ಡಿಎಸ್-0’ ಎಂದು ಬರೆದಿದ್ದರೆ ಅದು ಇದೇ.

ಟೆಲಿಫೋನ್ ತಂತಿಯ ಮೂಲಕ ಮೋಡೆಮ್ ಬಳಸಿ ಅಂತರ್ಜಾಲ ಪಡೆಯುತ್ತಿದ್ದ ದಿನಗಳು ಹಲವರಿಗೆ ನೆನಪಿರಬಹುದು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೋಡೆಮ್‌ಗಳ ವೇಗ ಕ್ರಮೇಣ ಹೆಚ್ಚಿ 56 ಕಿಲೋಬಿಟ್‌ಗೆ ಬಂದು ನಿಂತಿತು. ಈ ಮಿತಿಯೂ ಅದೇ ಗುಣಾಕಾರದಿಂದ ಬಂದದ್ದು: ಎಂಟು ಬಿಟ್‌ಗಳಲ್ಲಿ ಏಳನ್ನು ಮಾತ್ರ ನೆಚ್ಚಿಕೊಂಡರೆ 8,000 × 7 = 56,000.

ಮೋಡೆಮ್‌ನ ಮೇಲೆ ‘ಬಾಡ್’ ಎಂಬ ಅಳತೆಯೂ ಕಾಣಬಹುದು. ತಂತಿಯ ಮೇಲಿನ ಸಂಕೇತ ಸೆಕೆಂಡಿಗೆ ಎಷ್ಟು ಬಾರಿ ಬದಲಾಗುತ್ತದೆ ಎಂಬುದು ಬಾಡ್. ಪ್ರತಿ ಬದಲಾವಣೆಯೂ ಒಂದಕ್ಕಿಂತ ಹೆಚ್ಚು ಬಿಟ್‌ಗಳನ್ನು ಒಯ್ಯಬಲ್ಲದು. 2,400 ಬಾಡ್‌ನಲ್ಲಿ ಪ್ರತಿ ಬಾರಿಯೂ 4 ಬಿಟ್ ಸಾಗಿದರೆ ವೇಗ 9,600 ಬಿಟ್. ಆದ್ದರಿಂದ ಬಾಡ್ ಎಂದರೆ ಬಿಟ್ ಎಂದು ಭಾವಿಸಬಾರದು.

4. ಇ-1, ಟಿ-1, ಎಸ್‌ಟಿಎಂ

ಒಂದು ಬಡಾವಣೆಯಲ್ಲಿ ಸಮ ಅಳತೆಯ 32 ನಿವೇಶನಗಳಿವೆ ಎಂದು ಭಾವಿಸಿ. ಎರಡನ್ನು ಸಾರ್ವಜನಿಕ ಉಪಯೋಗಕ್ಕೆ ಕಾಯ್ದಿರಿಸಿ 30ನ್ನು ಹಂಚಲಾಗುತ್ತದೆ. ಇ-1 ಮಾರ್ಗದ ರಚನೆ ಹೀಗೆಯೇ ಇದೆ. ತಲಾ 64 ಕಿಲೋಬಿಟ್‌ನ 32 ಭಾಗಗಳು. ಒಂದು ಭಾಗ ಹೊಂದಾಣಿಕೆಗೆ, ಇನ್ನೊಂದು ಕರೆಗಳ ಸಂಕೇತಗಳಿಗೆ, ಉಳಿದ 30 ಮಾತಿಗೆ. ಒಟ್ಟು 32 × 64 = 2,048 ಕಿಲೋಬಿಟ್, ಎಂದರೆ 2.048 ಮೆಗಾಬಿಟ್. ‘30 ಚಾನೆಲ್’ ಎಂದರೆ 30 ಮೆಗಾಬಿಟ್ ಅಲ್ಲ. ಏಕಕಾಲಕ್ಕೆ 30 ದೂರವಾಣಿ ಕರೆಗಳಿಗೆ ಸ್ಥಳವಿರುವ 2 ಮೆಗಾಬಿಟ್ ಮಾತ್ರ. ಅಂತರ್ಜಾಲಕ್ಕೆ ಬಳಸುವಾಗ ಹೊಂದಾಣಿಕೆಯ ಭಾಗವನ್ನು ಬಿಟ್ಟು 31 ಭಾಗಗಳು ದೊರೆತರೆ ವೇಗ 1.984 ಮೆಗಾಬಿಟ್.

ಅಮೆರಿಕದಲ್ಲಿ ಇದರ ಬದಲು 24 ಚಾನೆಲ್‌ಗಳ ಟಿ-1 ರೂಢಿಗೆ ಬಂತು; ಅದು 24 × 64 = 1,536, ಹೊಂದಾಣಿಕೆಯ 8 ಕಿಲೋಬಿಟ್ ಸೇರಿ 1.544 ಮೆಗಾಬಿಟ್. ಭಾರತ ಅನುಸರಿಸಿದ್ದು ಯುರೋಪಿನ ಇ-1 ಕ್ರಮವನ್ನು. ಉಪಕರಣದ ಕೈಪಿಡಿಯಲ್ಲಿ ಟಿ-1 ಎಂದು ಕಂಡರೆ ಎರಡನ್ನೂ ಒಂದೆಂದು ತಿಳಿಯಬಾರದು.

ದೊಡ್ಡ ಮಾರ್ಗಗಳಲ್ಲಿ ಬಳಸುವ ಎಸ್‌ಟಿಎಂ-1ರ ವೇಗ 155.52 ಮೆಗಾಬಿಟ್. ಅದರೊಳಗೆ 63 ಇ-1ಗಳು ಹಿಡಿಸುತ್ತವೆ. ಅವುಗಳ ಮೊತ್ತ 129.024 ಮೆಗಾಬಿಟ್, ಉಳಿದದ್ದು ನಿರ್ವಹಣೆಯ ಮಾಹಿತಿಗೆ ಮತ್ತು ಜೋಡಣೆಗೆ ವಿನಿಯೋಗವಾಗುತ್ತದೆ. ಎಸ್‌ಟಿಎಂ-4 ಮತ್ತು ಎಸ್‌ಟಿಎಂ-16 ಇದರ ನಾಲ್ಕು ಹಾಗೂ ಹದಿನಾರು ಪಟ್ಟು.

ಪಟ್ಟಿ 1: ಹಳೆಯ ಹೆಸರು ಮತ್ತು ಇಂದಿನ ಅಳತೆ (ಪ್ರತಿ ಸೆಕೆಂಡಿಗೆ)

• ಡಯಲ್-ಅಪ್ ಮೋಡೆಮ್, ಗರಿಷ್ಠ – 0.056 ಮೆಗಾಬಿಟ್
• ಒಂದು ಚಾನೆಲ್ (64 ಕೆ, ಡಿಎಸ್-0) – 0.064 ಮೆಗಾಬಿಟ್
• ಐಎಸ್‌ಡಿಎನ್ ಮೂಲ ದರ, ಎರಡು ಚಾನೆಲ್ – 0.128 ಮೆಗಾಬಿಟ್
• ಟಿ-1 – 1.544 ಮೆಗಾಬಿಟ್
• ಇ-1 – 2.048 ಮೆಗಾಬಿಟ್
• ಇ-3 – 34.368 ಮೆಗಾಬಿಟ್
• ಡಿಎಸ್-3 (ಟಿ-3) – 44.736 ಮೆಗಾಬಿಟ್
• ಎಸ್‌ಟಿಎಂ-1 – 155.52 ಮೆಗಾಬಿಟ್
• ಎಸ್‌ಟಿಎಂ-4 – 622.08 ಮೆಗಾಬಿಟ್
• ಎಸ್‌ಟಿಎಂ-16 – 2,488.32 ಮೆಗಾಬಿಟ್ (ಸುಮಾರು 2.5 ಗಿಗಾಬಿಟ್)

ವೇಗದ ಲೆಕ್ಕದಲ್ಲಿ ಕಿಲೋ ಎಂದರೆ 1,000, ಮೆಗಾ ಎಂದರೆ 10 ಲಕ್ಷ, ಗಿಗಾ ಎಂದರೆ 100 ಕೋಟಿ. ಗಣಕಯಂತ್ರದ ಕೆಲವು ತಂತ್ರಾಂಶಗಳು ಕಡತದ ಗಾತ್ರವನ್ನು ತೋರಿಸುವಾಗ ಸಾವಿರದ ಬದಲು 1,024ರಿಂದ ಎಣಿಸುತ್ತವೆ. ಇದರಿಂದ ಗಿಗಾಬೈಟ್ ಮಟ್ಟದಲ್ಲಿ ಸುಮಾರು ಶೇ. 7ರಷ್ಟು ಅಂತರ ಕಾಣಬಹುದು. ಬಿಟ್-ಬೈಟ್ ಗೊಂದಲದ ಎಂಟು ಪಟ್ಟಿನ ಮುಂದೆ ಇದು ಚಿಕ್ಕ ಅಂತರ.

5. ವೇಗವೆಂದರೆ ಕಾಯುವ ಸಮಯ

ಪರಿವರ್ತನೆಯ ಪ್ರಯೋಜನ ತಿಳಿಯಬೇಕಾದರೆ ಅದನ್ನು ಸಮಯಕ್ಕೆ ತರಬೇಕು. ಸೂತ್ರ ಇಷ್ಟೇ: ಕಡತದ ಗಾತ್ರವನ್ನು (ಮೆಗಾಬೈಟ್) 8ರಿಂದ ಗುಣಿಸಿ, ಮಾರ್ಗದ ವೇಗದಿಂದ (ಮೆಗಾಬಿಟ್) ಭಾಗಿಸಿದರೆ ಸೆಕೆಂಡುಗಳು ದೊರೆಯುತ್ತವೆ.

ಕಾಮಗಾರಿಗಳ 40 ಛಾಯಾಚಿತ್ರಗಳನ್ನು ಕಳುಹಿಸಬೇಕಾಗಿದೆ ಎಂದುಕೊಳ್ಳೋಣ. ಪ್ರತಿಯೊಂದೂ 4 ಮೆಗಾಬೈಟ್ ಆದರೆ ಒಟ್ಟು 160 ಮೆಗಾಬೈಟ್, ಎಂದರೆ 1,280 ಮೆಗಾಬಿಟ್.

ಪಟ್ಟಿ 2: 160 ಮೆಗಾಬೈಟ್ ಸಾಗಲು ಬೇಕಾದ ಕನಿಷ್ಠ ಸಮಯ

• 64 ಕಿಲೋಬಿಟ್ ಮಾರ್ಗ – 20,000 ಸೆಕೆಂಡು (5 ಗಂಟೆ 33 ನಿಮಿಷ)
• ಇ-1 ಮಾರ್ಗ – 625 ಸೆಕೆಂಡು (10 ನಿಮಿಷ 25 ಸೆಕೆಂಡು)
• 10 ಮೆಗಾಬಿಟ್ – 128 ಸೆಕೆಂಡು (2 ನಿಮಿಷ 8 ಸೆಕೆಂಡು)
• 16 ಮೆಗಾಬಿಟ್ – 80 ಸೆಕೆಂಡು
• 100 ಮೆಗಾಬಿಟ್ – ಸುಮಾರು 13 ಸೆಕೆಂಡು

ವಿಳಾಸದ ಮಾಹಿತಿ, ಮರುಪ್ರಸಾರ ಮೊದಲಾದವುಗಳಿಂದ ವಾಸ್ತವದಲ್ಲಿ ಇದಕ್ಕಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ. ಇಡೀ ಮಾರ್ಗ ಒಂದೇ ಕೆಲಸಕ್ಕೆ ಮೀಸಲಾಗಿದ್ದಾಗಿನ ಲೆಕ್ಕ ಇದು ಎಂಬುದನ್ನೂ ಗಮನಿಸಬೇಕು. ಸಾಮಾನ್ಯ ಗುಣಮಟ್ಟದ ಒಂದು ವಿಡಿಯೊ ಸಂವಾದಕ್ಕೆ 1ರಿಂದ 2 ಮೆಗಾಬಿಟ್ ಬೇಕಾಗುತ್ತದೆ. ನಮ್ಮ ಪಂಚಾಯತಿಯ 2.048ರಲ್ಲಿ ಅಷ್ಟು ಹೋದರೆ ಸೇವಾ ಕೇಂದ್ರಕ್ಕೆ ಉಳಿಯುತ್ತಿದ್ದುದು ಅತ್ಯಲ್ಪ. ಪಹಣಿಗಾಗಿ ಬಂದವರಿಗೆ ನಾವು ಹೇಳುತ್ತಿದ್ದ ‘ಸರ್ವರ್ ಡೌನ್’ ಎಂಬ ಮಾತು ಬಹುಪಾಲು ದಿನಗಳಲ್ಲಿ ನಿಜವಾಗಿರಲಿಲ್ಲ. ಸರ್ವರ್ ಸರಿಯಾಗಿಯೇ ಇತ್ತು. ನಮ್ಮ ಪೈಪು ಸಣ್ಣದಾಗಿತ್ತು.

ದೂರಸಂಪರ್ಕ ಇಲಾಖೆ ‘ಬ್ರಾಡ್‌ಬ್ಯಾಂಡ್’ ಎಂಬ ಪದಕ್ಕೆ ನೀಡಿದ ಕನಿಷ್ಠ ವೇಗ 2004ರಲ್ಲಿ 256 ಕಿಲೋಬಿಟ್, 2013ರಲ್ಲಿ 512 ಕಿಲೋಬಿಟ್ ಇತ್ತು; 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಒಂದು ಕಾಲಕ್ಕೆ ಇಡೀ ಕಚೇರಿಗೆ ಧಾರಾಳವೆನಿಸಿದ್ದ ಇ-1 ಇಂದಿನ ವ್ಯಾಖ್ಯೆಯ ಹೊಸ್ತಿಲಲ್ಲಿ ಮಾತ್ರ ನಿಂತಿದೆ.

6. ಅಂಕಿ ಒಂದೇ ಸಾಲದು: ಹಂಚಿಕೆ ಮತ್ತು ದಿಕ್ಕು

ಹಳೆಯ ಮಾರ್ಗದ ಪರವಾಗಿಯೂ ಒಂದು ಮಾತು ಹೇಳುವುದು ನ್ಯಾಯ. ಇ-1 ಗುತ್ತಿಗೆ ಮಾರ್ಗ ಒಬ್ಬರಿಗೇ ಮೀಸಲು; ಜೊತೆಗೆ ಎರಡೂ ದಿಕ್ಕಿನಲ್ಲಿ ಸಮಾನ ವೇಗ. ಡೌನ್‌ಲೋಡ್ 2.048 ಇದ್ದರೆ ಅಪ್‌ಲೋಡ್ ಕೂಡ 2.048. ಇಂದಿನ ಹಲವು ಅಗ್ಗದ ಸಂಪರ್ಕಗಳಲ್ಲಿ ವೇಗ ಹಂಚಿಕೆಯದು, ಅಪ್‌ಲೋಡ್ ಕಡಿಮೆ. ನಾವು ಛಾಯಾಚಿತ್ರ, ದಾಖಲೆಗಳನ್ನು ಕಳುಹಿಸುವವರು. ನಮಗೆ ಅಪ್‌ಲೋಡ್ ಮುಖ್ಯ.

ಭಾರತ್‌ನೆಟ್ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಲ್ಲಿ ಅನುಮೋದನೆ ನೀಡಿತು. ಪ್ರತಿ ಗ್ರಾಮ ಪಂಚಾಯತಿಗೆ 100 ಮೆಗಾಬಿಟ್ ಒದಗಿಸುವುದು ಅದರ ಗುರಿ. ಇ-1ರ ಲೆಕ್ಕದಲ್ಲಿ ಇದು ಸುಮಾರು 49 ಇ-1ಗಳಿಗೆ ಸಮ. ಈ ಯೋಜನೆಯಲ್ಲಿ ವ್ಯಾಪಕವಾಗಿ ಬಳಸಿದ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಫೈಬರ್ ಎಳೆಯ ವೇಗ ಡೌನ್‌ಲೋಡ್‌ಗೆ 2,488.32, ಅಪ್‌ಲೋಡ್‌ಗೆ 1,244.16 ಮೆಗಾಬಿಟ್. ಪಟ್ಟಿ 1ರ ಕೊನೆಯ ಸಾಲನ್ನು ನೋಡಿದರೆ ಮೊದಲ ಅಂಕಿ ಎಸ್‌ಟಿಎಂ-16ರದೇ ಎಂಬುದು ತಿಳಿಯುತ್ತದೆ. ಹೊಸ ಪೆಟ್ಟಿಗೆಯೊಳಗೂ ಹಳೆಯ 64ರ ಗುಣಾಕಾರವೇ ಇದೆ. ಈ ಎಳೆಯನ್ನು 32 ಸಂಪರ್ಕಗಳಿಗೆ ಹಂಚಿ ಎಲ್ಲರೂ ಒಮ್ಮೆಲೇ ಬಳಸಿದರೆ ಪ್ರತಿಯೊಬ್ಬರ ಪಾಲು ಸುಮಾರು 78 ಮೆಗಾಬಿಟ್. 16ಕ್ಕೆ ಹಂಚಿದರೆ ಸುಮಾರು 155. ಆದ್ದರಿಂದ ‘ಎಷ್ಟು ವೇಗ’ ಎಂಬುದರ ಜೊತೆಗೆ ‘ಎಷ್ಟು ಜನರ ನಡುವೆ’ ಎಂದೂ ಕೇಳಬೇಕು.

7. ದರಗಳ ಹೋಲಿಕೆ

ಬಾಡಿಗೆಯನ್ನು ಹೋಲಿಸುವಾಗ ವಾರ್ಷಿಕ ಮೊತ್ತವನ್ನು ಮೆಗಾಬಿಟ್‌ಗಳಿಂದ ಭಾಗಿಸಬೇಕು. ಲೆಕ್ಕದ ಸುಲಭಕ್ಕಾಗಿ ಕಲ್ಪಿತ ಮೊತ್ತಗಳನ್ನು ತೆಗೆದುಕೊಳ್ಳೋಣ:

• ಮೊದಲನೆಯದು: 36,000 ರೂ. ÷ 2.048 = ಪ್ರತಿ ಮೆಗಾಬಿಟ್‌ಗೆ ಸುಮಾರು 17,578 ರೂ.
• ಎರಡನೆಯದು: 30,000 ರೂ. ÷ 10 = 3,000 ರೂ.
• ಮೂರನೆಯದು: 40,000 ರೂ. ÷ 16 = 2,500 ರೂ.

ಒಟ್ಟು ಮೊತ್ತದಲ್ಲಿ ಅತಿ ದುಬಾರಿಯಾಗಿ ಕಂಡ ಮೂರನೆಯದು ಅಳತೆಯ ಲೆಕ್ಕದಲ್ಲಿ ಅತಿ ಅಗ್ಗ. ಆದರೆ ದರಪಟ್ಟಿ ಬಂದ ನಂತರ ಪರಿವರ್ತಿಸುವುದು ಎರಡನೆಯ ಉತ್ತಮ ಮಾರ್ಗ. ದರ ಆಹ್ವಾನಿಸುವ ಪತ್ರದಲ್ಲಿಯೇ ಪಂಚಾಯತಿ ತನಗೆ ಬೇಕಾದ ವೇಗವನ್ನು ಮೆಗಾಬಿಟ್‌ಗಳಲ್ಲಿ ನಮೂದಿಸಿ, ಎಲ್ಲರಿಂದಲೂ ಅದೇ ಅಳತೆಯಲ್ಲಿ ದರ ಪಡೆಯುವುದು ಮೊದಲ ಮಾರ್ಗ. ಮುಂದಿನ ವರ್ಷ ನಮ್ಮ ಪಂಚಾಯತಿ ಹೀಗೆಯೇ ದರ ಕರೆಯಿತು. ತುಲನಾತ್ಮಕ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದವರು ಅದೇ ಹಿರಿಯ ಸದಸ್ಯೆ.

8. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅಂತರ್ಜಾಲ ಸಂಪರ್ಕದ ಹೊಸ ಪ್ರಸ್ತಾವ ಅಥವಾ ನವೀಕರಣ ಸಭೆಯ ಮುಂದೆ ಬಂದಾಗ ಸದಸ್ಯರು ಕೆಳಕಂಡ ಪ್ರಶ್ನೆಗಳನ್ನು ಕೇಳಬಹುದು:

1) ಡೌನ್‌ಲೋಡ್ ಎಷ್ಟು ಮೆಗಾಬಿಟ್, ಅಪ್‌ಲೋಡ್ ಎಷ್ಟು ಮೆಗಾಬಿಟ್?
2) ಅಂಕಿ ಬಿಟ್‌ನಲ್ಲಿದೆಯೋ ಬೈಟ್‌ನಲ್ಲಿದೆಯೋ? ಮೂಲ ಕಾಗದದಲ್ಲಿ ಹೇಗಿದೆ?
3) ಮಾರ್ಗ ಪಂಚಾಯತಿಗೆ ಮೀಸಲೋ, ಹಂಚಿಕೆಯದೋ? ಹಂಚಿಕೆಯಾದರೆ ಖಾತರಿಪಡಿಸಿದ ಕನಿಷ್ಠ ವೇಗ ಎಷ್ಟು?
4) ತಿಂಗಳ ಬಳಕೆಗೆ ಮಿತಿ ಇದೆಯೇ? ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ?
5) ಕಳೆದ ತಿಂಗಳು ಅಳೆದು ನೋಡಿದಾಗ ದೊರೆತ ವೇಗ ಎಷ್ಟು?

ಕೊನೆಯ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕಾದರೆ ಒಂದು ವಹಿ ಇಡಬೇಕು. ವಾರಕ್ಕೊಮ್ಮೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಬಾರಿ ವೇಗವನ್ನು ಅಳೆದು ದಿನಾಂಕ ಸಹಿತ ಬರೆದಿಟ್ಟರೆ ಸಾಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ‘ಮೈಸ್ಪೀಡ್’ ಆ್ಯಪ್ ಇದಕ್ಕೆ ಉಚಿತವಾಗಿ ಲಭ್ಯವಿದೆ. ಸೇವಾದಾರರೊಂದಿಗೆ ಪತ್ರವ್ಯವಹಾರ ಮಾಡುವಾಗ ‘ನೆಟ್ ನಿಧಾನ’ ಎಂಬ ದೂರಿಗಿಂತ ಮೂರು ತಿಂಗಳ ಅಂಕಿಗಳಿಗೆ ಹೆಚ್ಚು ಬಲವಿದೆ.

ನಡಾವಳಿಯಲ್ಲಿ ನಿರ್ಣಯವನ್ನು ಈ ಮಾದರಿಯಲ್ಲಿ ದಾಖಲಿಸಬಹುದು: “ಗ್ರಾಮ ಪಂಚಾಯತಿ ಕಚೇರಿ, ಬಾಪೂಜಿ ಸೇವಾ ಕೇಂದ್ರ ಹಾಗೂ ಗ್ರಂಥಾಲಯದ ಬಳಕೆಗಾಗಿ, ಪ್ರತಿ ಸೆಕೆಂಡಿಗೆ ಡೌನ್‌ಲೋಡ್ ….. ಮೆಗಾಬಿಟ್ ಮತ್ತು ಅಪ್‌ಲೋಡ್ ….. ಮೆಗಾಬಿಟ್ ವೇಗದ, ಖಾತರಿಪಡಿಸಿದ ಕನಿಷ್ಠ ವೇಗ ….. ಮೆಗಾಬಿಟ್ ಇರುವ ಸಂಪರ್ಕವನ್ನು ವಾರ್ಷಿಕ ….. ರೂ. ದರದಲ್ಲಿ ಪಡೆಯಲು ಸಭೆಯು ತೀರ್ಮಾನಿಸಿತು.”

ಮಾನ್ಯ ಸದಸ್ಯರೇ, ತಾಂತ್ರಿಕ ವಿಷಯವೆಂದು ಬದಿಗಿಡುವ ಕಡತಗಳಲ್ಲಿ ಅನೇಕವು ಗುಣಾಕಾರ ಮತ್ತು ಭಾಗಾಕಾರದ ಆಚೆಗೆ ಏನನ್ನೂ ಬೇಡುವುದಿಲ್ಲ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ತಮ್ಮ ಪಂಚಾಯತಿಯ ಅಂತರ್ಜಾಲ ಒಪ್ಪಂದದ ಪ್ರತಿಯನ್ನು ತರಿಸಿಕೊಂಡು, ಅದರಲ್ಲಿರುವ ವೇಗವನ್ನು ಪಟ್ಟಿ 1ರ ನೆರವಿನಿಂದ ಮೆಗಾಬಿಟ್‌ಗೆ ಪರಿವರ್ತಿಸಿ ನೋಡಬೇಕೆಂದು ವಿನಂತಿಸುತ್ತೇನೆ. ಸಂದೇಹ ಬಂದರೆ ತಮ್ಮ ಅಭಿವೃದ್ಧಿ ಅಧಿಕಾರಿಯನ್ನು ಸಭೆಯಲ್ಲಿಯೇ ಕೇಳಬೇಕು. ಉತ್ತರಿಸುವುದು ನಮ್ಮ ಕರ್ತವ್ಯ. ಗೊತ್ತಿಲ್ಲದಿದ್ದರೆ ಕಲಿತು ಬಂದು ಉತ್ತರಿಸುವುದೂ ನಮ್ಮ ಕರ್ತವ್ಯ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ